ಮಲೆನಾಡಿನ ಅಂಚಿನಲ್ಲೊಂದು ತಾಳೆವನ: ಹಾಸನ–ಚಿಕ್ಕಮಗಳೂರು ಸೀಮೆಗೆ ಸಮಗ್ರ ಮಾರ್ಗದರ್ಶಿ

ಅರಸೀಕೆರೆಯಿಂದ ಹೊರಟು ಹಾಸನ, ಬೇಲೂರು, ಮೂಡಿಗೆರೆಗಳನ್ನು ದಾಟಿ ಚಾರ್ಮಾಡಿ ಘಟ್ಟದ ನೆತ್ತಿಯನ್ನು ತಲುಪುವಷ್ಟರಲ್ಲಿ ತಾಳೆ (ಪಾಮ್) ಕುಟುಂಬದ ಐದು ಬಗೆಯ ಗಿಡಮರಗಳಾದರೂ ಕಣ್ಣಿಗೆ ಬೀಳುತ್ತವೆ. ಮೊದಲು ತೆಂಗಿನ ತೋಟಗಳು, ಕೆರೆಯಂಗಳ ಮತ್ತು ಹಳ್ಳದ ದಂಡೆಗಳಲ್ಲಿ ಈಚಲು, ಮುಂದೆ ಅಡಿಕೆ, ಕಾಫಿ ತೋಟಗಳ ನಡುವೆ ಬಗನಿ, ಕೊನೆಗೆ ಘಟ್ಟದ ಕಾಡಿನಲ್ಲಿ ಮರಗಳನ್ನು ಹಿಡಿದು ಏರುವ ಬೆತ್ತ. ಬೆತ್ತವೂ ಈ ಕುಟುಂಬದ್ದೇ ಎಂದರೆ ಈಗಲೂ ಅನೇಕರು ಆಶ್ಚರ್ಯಪಡುತ್ತಾರೆ. ಜಗತ್ತಿನಲ್ಲಿ ಸುಮಾರು 2,600 ಪ್ರಭೇದಗಳಿರುವ ಈ ಕುಟುಂಬದ ವೈವಿಧ್ಯವನ್ನು ನೋಡಲು ಸಸ್ಯೋದ್ಯಾನಗಳಿಗೆ ಹೋಗುವ ನಾವು, ಅದರ ಒಂದು ಒಳ್ಳೆಯ ಭಾಗ ನಮ್ಮ ಎರಡು ಜಿಲ್ಲೆಗಳಲ್ಲೇ ಇರುವುದನ್ನು ಗಮನಿಸಿಲ್ಲ. ಅರ್ಧ ಎಕರೆ ಜಾಗವಿರುವ ಕೃಷಿಕರು, ಶಾಲೆ–ಕಾಲೇಜುಗಳು ಅಥವಾ ಹೋಂಸ್ಟೇ ನಡೆಸುವವರು ಸಸ್ಯೋದ್ಯಾನದ ಶಿಸ್ತಿನಲ್ಲಿ ಒಂದು ಚಿಕ್ಕ ತಾಳೆವನವನ್ನು ಕಟ್ಟಬೇಕೆಂದಿದ್ದರೆ, ಯಾವ ಕ್ರಮದಲ್ಲಿ ಮುಂದುವರಿಯಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಊರಿನ ಜಾತಿಗಳಿಂದ ಆರಂಭಿಸಿ, ಅವು ನೆಲೆಗೊಂಡ ಮೇಲೆ ಹೊರಗಿನವನ್ನು ತರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣಗಳು ಮುಂದೆ ಬರುತ್ತವೆ.

ಹಂತ 1: ಕೊಳ್ಳುವ ಮೊದಲು ಗುರುತಿಸಲು ಕಲಿಯಿರಿ

ನರ್ಸರಿಗಳಲ್ಲಿ ‘ಪಾಮ್’ ಎಂಬ ಹೆಸರಿನಲ್ಲಿ ಮಾರುವ ಗಿಡಗಳೆಲ್ಲ ತಾಳೆಗಳಲ್ಲ. ‘ಸೇಗೋ ಪಾಮ್’ ಎನ್ನಿಸಿಕೊಳ್ಳುವ ಸೈಕಸ್ ಹೂವನ್ನೇ ಬಿಡದ ಪ್ರಾಚೀನ ಸಸ್ಯವರ್ಗಕ್ಕೆ ಸೇರಿದೆ. ಬೀಸಣಿಗೆಯಂತೆ ಒಂದೇ ಸಮತಲದಲ್ಲಿ ಎಲೆ ಹರಡುವ ‘ಟ್ರಾವೆಲರ್ಸ್ ಪಾಮ್’ ಬಾಳೆಗೆ ಹತ್ತಿರದ ಬಂಧು. ಕೇದಗೆಯದು ಬೇರೆಯೇ ಕುಟುಂಬ. ನಿಜವಾದ ತಾಳೆಗಳಲ್ಲಿ ಎಲೆಯ ಬುಡ ಕಾಂಡವನ್ನು ಸುತ್ತುವರಿದು ಹಾಳೆಯಾಗಿರುತ್ತದೆ, ಎಲೆ ಎಳೆಯದಾಗಿದ್ದಾಗ ಬೀಸಣಿಗೆಯಂತೆ ಮಡಿಚಿಕೊಂಡಿದ್ದು ಬಲಿತಂತೆ ಸೀಳುತ್ತದೆ, ಮತ್ತು ಪ್ರತಿ ಕಾಂಡಕ್ಕೂ ಸಾಮಾನ್ಯವಾಗಿ ಒಂದೇ ಸುಳಿ ಇರುತ್ತದೆ.

ಮೊದಲು ಎಲೆಯ ಆಕಾರವನ್ನು ನೋಡಿ. ತೆಂಗು, ಅಡಿಕೆ, ಈಚಲು, ಬೆತ್ತಗಳದು ನಡುದಿಂಡಿನ ಇಕ್ಕೆಲಗಳಲ್ಲಿ ಗರಿ ಜೋಡಿಸಿದ ಎಲೆ. ತಾಟಿ (ತಾಟಿನಿಂಗಿನ ಮರ) ಮತ್ತು ಶ್ರೀತಾಳೆಗಳದು ಬೀಸಣಿಗೆಯ ಎಲೆ. ಬಗನಿಯ ಎಲೆ ಮಾತ್ರ ಎರಡು ಸಲ ಕವಲೊಡೆಯುತ್ತದೆ, ಪ್ರತಿ ಕಿರುಗರಿಯೂ ಮೀನಿನ ಬಾಲದಂತೆ ಹರಿದಿರುತ್ತದೆ. ಇಡೀ ತಾಳೆ ಕುಟುಂಬದಲ್ಲಿ ಹೀಗೆ ಎರಡು ಸಲ ವಿಭಜನೆಗೊಂಡ ಎಲೆ ಇರುವುದು ಬಗನಿಯ ಕುಲದಲ್ಲಿ ಮಾತ್ರ.

ಅನಂತರ ಗರಿಯ ಮಡಿಕೆಯನ್ನು ಗಮನಿಸಿ. ಈಚಲಿನ ಒಂದು ಗರಿಯನ್ನೂ ತೆಂಗಿನ ಒಂದು ಗರಿಯನ್ನೂ, ಅವು ದಿಂಡಿಗೆ ಅಂಟಿರುವ ಜಾಗದಲ್ಲಿ, ಅಕ್ಕಪಕ್ಕದಲ್ಲಿಟ್ಟು ನೋಡಿ. ಈಚಲಿನದು ದೋಣಿಯಂತೆ ಮೇಲ್ಮುಖವಾಗಿ ಮಡಿಚಿದೆ; ಒಂದು ಹನಿ ನೀರು ಬಿಟ್ಟರೆ ಅದು ನಡುಗೆರೆಯಲ್ಲೇ ನಿಂತು ಬುಡದತ್ತ ಜಾರುತ್ತದೆ. ತೆಂಗಿನದು ಹೆಂಚಿನ ಮಾಡಿನಂತೆ ಕೆಳಮುಖವಾಗಿ ಮಡಿಚಿದೆ. ಹನಿ ಎರಡು ಪಕ್ಕಕ್ಕೆ ಇಳಿದುಹೋಗುತ್ತದೆ. ಈ ಒಂದು ಪರೀಕ್ಷೆಯಿಂದಲೇ ಗರಿಯೆಲೆಯ ತಾಳೆಗಳನ್ನು ಎರಡು ಗುಂಪು ಮಾಡಬಹುದು: ಈಚಲು, ಬಗನಿ ಮತ್ತು ಬಗನಿಯ ಬಂಧುವಾದ ಆರೆಂಗ ಒಂದು ಕಡೆ; ತೆಂಗು, ಅಡಿಕೆ, ರಾಯಲ್ ಪಾಮ್ ಮುಂತಾದ ಬಹುಪಾಲು ಇನ್ನೊಂದು ಕಡೆ. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿದಾಗ ಅವರು ಮರುದಿನವೇ ಊರಿನ ಮರಗಳನ್ನೆಲ್ಲ ಪರೀಕ್ಷಿಸಿ ಬಂದದ್ದನ್ನು ಕಂಡಿದ್ದೇನೆ.

ಗುರುತಿಸುವುದು ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಅನುಭವವಿದೆ. ಹಲವು ವರ್ಷಗಳ ಹಿಂದೆ ನರ್ಸರಿಯೊಂದರಿಂದ ‘ಬಾಟಲ್ ಪಾಮ್’ ಎಂದು ತಂದು ಜಗಲಿಯ ಪಕ್ಕ ನೆಟ್ಟ ಗಿಡ ರಾಯಲ್ ಪಾಮ್ ಆಗಿತ್ತು. ನಮ್ಮ ಕಡೆ ಎಳೆಯ ರಾಯಲ್ ಪಾಮಿನ ಉಬ್ಬಿದ ಬುಡವನ್ನು ಕಂಡು ಅದನ್ನೇ ಬಾಟಲ್ ಪಾಮ್ ಎನ್ನುವ ರೂಢಿ ಬಂದಿದೆ. ನಿಜವಾದ ಬಾಟಲ್ ಪಾಮ್ ಮಾರಿಷಸ್ ಬಳಿಯ ರೌಂಡ್ ಐಲ್ಯಾಂಡಿನದು, ಕುಳ್ಳನೆಯದು, ಬಹಳ ನಿಧಾನವಾಗಿ ಬೆಳೆಯುವಂಥದ್ದು. ಕ್ಯೂಬಾ ಕಡೆಯ ರಾಯಲ್ ಪಾಮ್ ಮನೆಯ ಮಾಡನ್ನು ಮೀರಿ ಬೆಳೆದು, ಹತ್ತು ಕಿಲೋಗೂ ಹೆಚ್ಚು ಭಾರದ ಒಣಗಿದ ಗರಿಯನ್ನು ಹೆಂಚಿನ ಮೇಲೆ ಬೀಳಿಸುತ್ತದೆ. ಕೊನೆಗೆ ಆ ಮರವನ್ನು ಕಡಿಸಬೇಕಾಯಿತು. ಇದೇ ರೀತಿ, ಎಲ್ಲ ಹೋಟೆಲುಗಳ ಮುಂದೆ ಕುಂಡದಲ್ಲಿರುವ ‘ಅರೆಕಾ ಪಾಮ್’ ನಮ್ಮ ಅಡಿಕೆಯಲ್ಲ; ಅದು ಮಡಗಾಸ್ಕರಿನ ಗಿಡ.

ಹಂತ 2: ನಿಮ್ಮ ಜಾಗದ ಮಳೆ, ಚಳಿ, ನೆರಳುಗಳನ್ನು ಅಳೆಯಿರಿ

ಹಾಸನ ನಗರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್, ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಎತ್ತರದಲ್ಲಿವೆ. ಡಿಸೆಂಬರ್–ಜನವರಿಯ ರಾತ್ರಿಯ ಚಳಿ ಇಲ್ಲಿಯ ತೆಂಗು, ಅಡಿಕೆಗಳನ್ನು ಕೊಲ್ಲುವುದಿಲ್ಲ. ಆದರೆ ಮಲೇಷ್ಯಾ, ಬೋರ್ನಿಯೊಗಳ ಸಮತಟ್ಟಾದ ಜೌಗುನೆಲದ ಜಾತಿಗಳಿಗೆ ಅದು ದೊಡ್ಡ ಪೆಟ್ಟು. ಅರಗಿನಂಥ ಕೆಂಪು ಕಾಂಡದ ‘ರೆಡ್ ಪಾಮ್’ ಅಂಥದ್ದು. ಚಿತ್ರ ನೋಡಿ ಆಸೆಪಟ್ಟು ತರುವವರೇ ಹೆಚ್ಚು, ಅದು ಇಲ್ಲಿ ಸೊರಗಿ ನಿಲ್ಲುತ್ತದೆ. ದುಡ್ಡು ಹಾಳುಮಾಡಿಕೊಳ್ಳಬೇಡಿ.

ಮಳೆಯ ವ್ಯತ್ಯಾಸ ಚಳಿಗಿಂತಲೂ ದೊಡ್ಡದು. ಕಡೂರು–ಅರಸೀಕೆರೆಗಳ ಬಯಲುಸೀಮೆಗೂ ಸಕಲೇಶಪುರ–ಮೂಡಿಗೆರೆ–ಶೃಂಗೇರಿಗಳ ಮಲೆನಾಡಿಗೂ ಮಳೆಯಲ್ಲಿ ಮೂರು–ನಾಲ್ಕು ಪಟ್ಟು ಅಂತರವಿದೆ. ಬಯಲುಸೀಮೆಯಲ್ಲಿ ಈಚಲು, ತಾಟಿ, ಬೆಳ್ಳಿ ಬಣ್ಣದ ಬಿಸ್ಮಾರ್ಕ್ ಪಾಮ್, ವಾಷಿಂಗ್ಟೋನಿಯಾ ಸುಖವಾಗಿರುತ್ತವೆ. ಮಲೆನಾಡಿನಲ್ಲಿ ಇವೇ ಜಾತಿಗಳ ಸುಳಿ ಮೂರು ತಿಂಗಳ ಎಡೆಬಿಡದ ಮಳೆಯಲ್ಲಿ ಕೊಳೆಯುವ ಸಂಭವವಿದೆ. ಅಲ್ಲಿಗೆ ಬಗನಿ, ಕಾಡಡಿಕೆ, ಬೆತ್ತ ಮತ್ತು ನೆರಳಿನ ಸಣ್ಣ ತಾಳೆಗಳು ಸೂಕ್ತ.

ನೆರಳನ್ನು ಒಂದು ವರ್ಷ ಗಮನಿಸಿ ಬರೆದಿಟ್ಟುಕೊಳ್ಳಿ. ವಿಶೇಷವಾಗಿ ನೈಋತ್ಯದ ಇಳಿಬಿಸಿಲು ಎಲ್ಲಿ ಬೀಳುತ್ತದೆ ಎಂಬುದನ್ನು ಗುರುತು ಮಾಡಿ. ಅಡಿಕೆಯ ಕಾಂಡ ಆ ಬಿಸಿಲಿಗೆ ಸುಟ್ಟು, ಅದೇ ಪಕ್ಕದಿಂದ ಸೀಳುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತು. ನಯವಾದ ಹಸಿರು ಕಾಂಡದ ಇತರ ತಾಳೆಗಳಿಗೂ ಅದೇ ಎಚ್ಚರ ಬೇಕು.

ಹಂತ 3: ಜಾತಿಗಳನ್ನು ಆರಿಸಿ, ಅಗತ್ಯಕ್ಕೆ ತಕ್ಕಂತೆ ಗುಂಪು ಮಾಡಿ

ಸಸ್ಯೋದ್ಯಾನಗಳಲ್ಲಿ ಸಾಮಾನ್ಯವಾಗಿ ಬಂಧುತ್ವದ ಪ್ರಕಾರ ಮರಗಳನ್ನು ಗುಂಪುಗೂಡಿಸುತ್ತಾರೆ. ಸಿಂಗಪುರದ ಸಸ್ಯೋದ್ಯಾನದಲ್ಲಿ 1879ರಲ್ಲಿ ಆರಂಭವಾದ ‘ಪಾಮ್ ವ್ಯಾಲಿ’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅರ್ಧ ಎಕರೆಯಲ್ಲಿ ಈ ಕ್ರಮ ನಡೆಯುವುದಿಲ್ಲ, ಏಕೆಂದರೆ ಒಂದೇ ಬಳಗದಲ್ಲಿ ಬಿಸಿಲಿನ ಮರವೂ ನೆರಳಿನ ಪೊದೆಯೂ ಇರುತ್ತವೆ. ನೀರು ಮತ್ತು ನೆರಳಿನ ಅಗತ್ಯದ ಪ್ರಕಾರ ಗುಂಪು ಮಾಡಿ, ಬಂಧುತ್ವವನ್ನು ಫಲಕದ ಮೇಲೆ ಬರೆಯುವುದು ಒಳ್ಳೆಯದು.

ಬಗನಿಯಿಂದ ಆರಂಭಿಸಿ. ಕೆಲವು ಕಡೆ ಇದನ್ನು ಬೈನೆ ಎನ್ನುತ್ತಾರೆ. ಇದರ ಬದುಕಿನ ಕ್ರಮ ನೋಡಿದಷ್ಟೂ ಮುಗಿಯದ ಪಾಠ. ಮರ ಪೂರ್ಣ ಎತ್ತರ ಬೆಳೆದ ಮೇಲೆ ಮೊದಲ ಹೂಗೊಂಚಲು ನೆತ್ತಿಯಲ್ಲಿ ಮೂಡುತ್ತದೆ. ಅನಂತರದ ಒಂದೊಂದು ಗೊಂಚಲೂ ಹಿಂದಿನದಕ್ಕಿಂತ ಕೆಳಗಿನ ಗಿಣ್ಣಿನಲ್ಲಿ ಬರುತ್ತ, ಕೆಲವು ವರ್ಷಗಳಲ್ಲಿ ಬುಡದತ್ತ ಇಳಿಯುತ್ತದೆ. ಕೊನೆಯ ಗೊಂಚಲು ಹಣ್ಣಾದ ಮೇಲೆ ಮರ ಸಾಯುತ್ತದೆ. ನಮ್ಮ ಕಾಫಿ ತೋಟದ ಅಂಚಿನ ಒಂದು ಬಗನಿಯ ಕೆಳಗೆ, ಬೆಳಗಿನ ಹೊತ್ತು ಪುನುಗು ಬೆಕ್ಕಿನ ಹಿಕ್ಕೆಯಲ್ಲಿ ಅದರ ಕಪ್ಪು ಬೀಜಗಳು ಕಾಣಸಿಗುತ್ತಿದ್ದವು. ಅವುಗಳಲ್ಲಿ ಹಲವು ಕಾಫಿ ಗಿಡಗಳ ನೆರಳಿನಲ್ಲಿ ತಾವಾಗಿಯೇ ಮೊಳೆತವು. ಆದರೆ ಒಂದು ಮುಖ್ಯ ಎಚ್ಚರಿಕೆ: ಆನೆಗಳಿಗೆ ಬಗನಿ ಬಹಳ ಇಷ್ಟ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆ ಓಡಾಡುವ ಜಾಗಗಳಲ್ಲಿ ಮನೆ, ಲೈನ್ ಮನೆ ಅಥವಾ ರಸ್ತೆಯ ಹತ್ತಿರ ಇದನ್ನು ನೆಡಲೇಬಾರದು.

ನೆರಳಿನ ಭಾಗಕ್ಕೆ ಕಾಡಡಿಕೆ, ಅಂದರೆ ಪಿನಾಂಗ ಡಿಕ್ಸೋನಿಯೈ, ಅತ್ಯುತ್ತಮ. ಪಶ್ಚಿಮಘಟ್ಟದಲ್ಲಿ ಮಾತ್ರ ಸಿಗುವ ಈ ತಾಳೆ ಬುಡದಿಂದ ಹಲವು ಸಪೂರ ಕಾಂಡಗಳನ್ನು ಹೊರಡಿಸಿ ಮೆಳೆಯಾಗುತ್ತದೆ. ಘಟ್ಟದ ಮತ್ತೊಂದು ಸ್ಥಳೀಯ ಜಾತಿಯಾದ ಆರೆಂಗ ವೈಟಿಯೈ ಎಲೆಯ ಅಡಿಭಾಗ ಬಿಳುಪು. ಗಾಳಿಗೆ ಎಲೆ ಮಗುಚಿದಾಗ ಇಡೀ ಪೊದೆ ಬೆಳ್ಳಗೆ ಹೊಳೆಯುತ್ತದೆ. ಬೆತ್ತಗಳಲ್ಲಿ ಒಂದನ್ನಾದರೂ ಬೇಲಿಯ ಬದಿಯಲ್ಲಿ, ಏರಲು ಗಟ್ಟಿ ಮರವಿರುವಲ್ಲಿ ನೆಡಿ. ಚಾಟಿಯಂತೆ ಚಾಚುವ ಅದರ ಮುಳ್ಳಿನ ತುದಿಗಳು ಬಟ್ಟೆ, ಚರ್ಮಗಳನ್ನು ಬಿಡುವುದಿಲ್ಲವಾದ್ದರಿಂದ ಓಡಾಡುವ ದಾರಿಯಿಂದ ದೂರವಿರಲಿ. ಬೆತ್ತದ ಹಣ್ಣನ್ನು ಕೈಯಲ್ಲಿ ಹಿಡಿದು ನೋಡಬೇಕು: ಹಾವಿನ ಮೈಯ ಹುರುಪೆಯಂತೆ ಒಂದರ ಮೇಲೊಂದು ಜೋಡಿಸಿದ ನಯವಾದ ಹೊದಿಕೆ. ನಾಗಬೆತ್ತ ಎಂಬ ಕನ್ನಡ ಹೆಸರು 1970ರಲ್ಲಿ ಒಂದು ಪ್ರಭೇದದ ವೈಜ್ಞಾನಿಕ ಹೆಸರಾಗಿಯೇ ಸೇರಿಕೊಂಡಿತು: ಕ್ಯಾಲಮಸ್ ನಾಗಬೆತ್ತೈ. ಬೆತ್ತಗಳಲ್ಲಿ, ಈಚಲಿನಲ್ಲಿ ಮತ್ತು ತಾಟಿಯಲ್ಲಿ ಗಂಡು ಹೆಣ್ಣು ಗಿಡಗಳು ಬೇರೆಬೇರೆ. ಹಣ್ಣು ಬೇಕಿದ್ದರೆ ನಾಲ್ಕೈದು ಗಿಡಗಳನ್ನಾದರೂ ನೆಡಬೇಕು.

ಇವುಗಳನ್ನು ಮೀಸಲು ಅರಣ್ಯದಿಂದ ಕಿತ್ತು ತರಬಾರದು. ಬೀಜ ಬೇಕಿದ್ದರೂ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಖಾಸಗಿ ತೋಟಗಳ ಹಳ್ಳಗಳಲ್ಲಿ ಉಳಿದಿರುವ ಗಿಡಗಳ ಬೀಜ ಸಿಕ್ಕಿದರೆ ಅದೇ ಮೇಲು.

ಶ್ರೀತಾಳೆಗೆ ಜಾಗವಿದ್ದರೆ ಒಂದನ್ನು ನೆಡಿ. ಐದು ಮೀಟರ್ ಅಗಲದವರೆಗೆ ಹರಡುವ ಇದರ ಎಲೆ ಹಿಂದೆ ಕರಾವಳಿಯಲ್ಲಿ ಕೊಡೆಯೂ ಆಗಿತ್ತು, ತಾಡವೋಲೆಯೂ ಆಗಿತ್ತು. ಶ್ರವಣಬೆಳಗೊಳದಂಥ ಕಡೆ ಇಂದಿಗೂ ತಾಡವೋಲೆಗಳನ್ನು ಕಾಪಾಡಿಕೊಂಡು ಬಂದಿರುವ ಜಿಲ್ಲೆಯಲ್ಲಿ ಆ ಓಲೆಯ ಮರ ಹೊಸ ತಲೆಮಾರಿಗೆ ಗುರುತೇ ಇಲ್ಲದಿರುವುದು ನನಗೆ ನೋವಿನ ಸಂಗತಿ. ಮೂವತ್ತರಿಂದ ಎಂಬತ್ತು ವರ್ಷ ಬೆಳೆದು, ಒಂದೇ ಒಂದು ಸಲ ನೆತ್ತಿಯ ಮೇಲೆ ಆರೇಳು ಮೀಟರ್ ಎತ್ತರದ, ಸಸ್ಯಲೋಕದಲ್ಲೇ ಅತಿ ದೊಡ್ಡದಾದ ಹೂಗೊಂಚಲನ್ನು ಬಿಟ್ಟು, ಹಣ್ಣು ಮಾಗಿದ ಮೇಲೆ ಅದು ಸಾಯುತ್ತದೆ. ಸುತ್ತ ಹತ್ತು ಮೀಟರ್ ಖಾಲಿ ಜಾಗ ಬೇಕು.

ಹೊರಗಿನವುಗಳಲ್ಲಿ ನಮ್ಮ ಹವೆಗೆ ಹೊಂದುವವು: ಆಸ್ಟ್ರೇಲಿಯಾದ ಫಾಕ್ಸ್‌ಟೇಲ್, ಚೀನಾ ಕಡೆಯ ಲಿವಿಸ್ಟೋನಾ, ನೆರಳಿಗೆ ರಾಪಿಸ್ ಮತ್ತು ಚಾಮೆಡೋರಿಯಾ, ಬಿಸಿಲಿಗೆ ಬಿಸ್ಮಾರ್ಕ್. ನರಿಬಾಲದಂಥ ಗರಿಯ ಫಾಕ್ಸ್‌ಟೇಲ್ ಇಂದು ಎಲ್ಲ ಲೇಔಟುಗಳಲ್ಲೂ ಇದೆ. ಆದರೆ ವಿಜ್ಞಾನಕ್ಕೆ ಅದು ಪರಿಚಯವಾದದ್ದೇ 1983ರಲ್ಲಿ. ಸೆಶೆಲ್ಸ್‌ನ ಜೋಡಿತೆಂಗಿನ ಬೀಜ ಸಸ್ಯಲೋಕದಲ್ಲೇ ಅತಿ ದೊಡ್ಡದೆಂದು ಅದನ್ನು ತರಿಸುವ ಹುಮ್ಮಸ್ಸು ಕೆಲವರಿಗಿರುತ್ತದೆ. ಅದು ಕಾನೂನಿನ ರಕ್ಷಣೆಯಲ್ಲಿರುವ ಮರ, ಕೈಹಾಕಬೇಡಿ.

ಹಂತ 4: ಬೀಜದಿಂದ ಸಸಿ

ತಾಳೆಗಳ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಬಹುಪಾಲು ಸತ್ತುಹೋಗುತ್ತವೆ. ಹಣ್ಣು ಬಿದ್ದ ವಾರದೊಳಗೆ ತಿರುಳು ತೆಗೆದು, ಒಂದೆರಡು ದಿನ ನೀರಿನಲ್ಲಿ ನೆನೆಸಿ ಬಿತ್ತುವುದು ಕ್ಷೇಮ. ಬಗನಿ ಮತ್ತು ಆರೆಂಗ ಹಣ್ಣಿನ ತಿರುಳಿನಲ್ಲಿ ಸೂಜಿಯಂಥ ಹರಳುಗಳಿದ್ದು, ಬರಿಗೈಯಲ್ಲಿ ಹಿಸುಕಿದರೆ ತಾಸುಗಟ್ಟಲೆ ತಡೆಯಲಾಗದ ತುರಿಕೆ ಬರುತ್ತದೆ. ದಪ್ಪ ರಬ್ಬರ್ ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ.

ಅಡಿಕೆಯ ಕ್ರಮ ನಮಗೆ ಗೊತ್ತಿರುವುದೇ: ಮರದಲ್ಲೇ ಪೂರ್ತಿ ಹಣ್ಣಾದ ಗೋಟನ್ನು ಸಿಪ್ಪೆಸಮೇತ, ತೊಟ್ಟು ಮೇಲಾಗಿ, ಮರಳಿನ ಮಡಿಯಲ್ಲಿ 5 ಸೆಂ.ಮೀ. ಅಂತರಕ್ಕೆ ಇಟ್ಟರೆ ಒಂದೂವರೆ ತಿಂಗಳಲ್ಲಿ ಮೊಳಕೆ ಆರಂಭವಾಗುತ್ತದೆ. ಎರಡೆಲೆ ಬಂದಾಗ ತೊಟ್ಟೆಗೆ ವರ್ಗಾಯಿಸಿ. ಮೊಳಕೆ ಬೀಜದ ಪಕ್ಕದಲ್ಲೇ ಬರುವ ಇತರ ತಾಳೆಗಳಿಗೂ ಈ ಕ್ರಮ ಸಾಕು.

ತಾಟಿ ಮತ್ತು ಬಿಸ್ಮಾರ್ಕ್ ಬೇರೆ. ಬೀಜದಿಂದ ಹೊರಟ ದಪ್ಪ ತಂತು ಮೊದಲು ನೇರವಾಗಿ ನೆಲದಾಳಕ್ಕೆ ಇಳಿದು, ಅಲ್ಲಿಂದ ಸಸಿ ಮೇಲಕ್ಕೆ ಬರುತ್ತದೆ. ಮಾಮೂಲಿ ತೊಟ್ಟೆಯಲ್ಲಿ ಬಿತ್ತಿದರೆ ಆ ತಂತು ತಳ ಮುಟ್ಟಿ ಸುರುಳಿ ಸುತ್ತುತ್ತದೆ. ಇವುಗಳನ್ನು ನೆಡಬೇಕಾದ ಜಾಗದಲ್ಲೇ ಬಿತ್ತುವುದು ಸರಿ. ಕುಂಡವೇ ಬೇಕಿದ್ದರೆ ಎರಡಡಿ ಆಳದ ಪೈಪಿನ ತುಂಡು ಬಳಸಿ.

ಈಚಲಿನ ವಿಷಯದಲ್ಲಿ ಇನ್ನೊಂದು ಮಾತು. ಖರ್ಜೂರ, ಕೆನರಿ ಪಾಮ್, ಕುಬ್ಜ ಈಚಲು ಇವೆಲ್ಲ ಒಂದೇ ಕುಲದವು, ಹತ್ತಿರವಿದ್ದರೆ ಸುಲಭವಾಗಿ ಬೆರಕೆಯಾಗುತ್ತವೆ. ಶುದ್ಧ ಈಚಲು ಬೇಕಿದ್ದರೆ ಉದ್ಯಾನದ ಬೀಜ ತರದೆ ಊರಾಚೆಯ ಹಳ್ಳದ ದಂಡೆಯ ಮರದಿಂದ ಬೀಜ ಆರಿಸಿ.

ಹಂತ 5: ನೆಡುವುದು

ಮಲೆನಾಡಿನಲ್ಲಿ ಜೂನ್–ಜುಲೈನ ಜಡಿಮಳೆ ಕಳೆದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೆಡಬೇಕು. ಬಯಲುಸೀಮೆಯಲ್ಲಿ ಮುಂಗಾರು ಹಿಡಿದ ಕೂಡಲೇ ನೆಡಬೇಕು. ದೊಡ್ಡ ಜಾತಿಗಳಿಗೆ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣು ಮತ್ತು ಕೊಳೆತ ಕೊಟ್ಟಿಗೆ ಗೊಬ್ಬರದಿಂದ ಅರ್ಧ ತುಂಬಿ. ನೀರು ನಿಲ್ಲುವ ಜೇಡಿಮಣ್ಣಾದರೆ ಪಕ್ಕದಲ್ಲಿ ಬಸಿಗಾಲುವೆ ಹೊಡೆಯಿರಿ. ತೆಂಗಿಗೆ 8ರಿಂದ 9 ಮೀಟರ್, ಅಡಿಕೆಗೆ 2.7 ಮೀಟರ್ ಅಂತರ ರೂಢಿಯಲ್ಲಿದೆ. ಉಳಿದ ಜಾತಿಗಳಿಗೆ ಬಲಿತ ಎಲೆಯ ಉದ್ದದ ಎರಡರಷ್ಟು ಅಂತರ ಎಂದಿಟ್ಟುಕೊಂಡರೆ ತಪ್ಪಾಗದು.

ಸಸಿಯ ಬುಡ ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿರಬೇಕು. ಸುಳಿಯ ಬುಡಕ್ಕೆ ಮಣ್ಣು ತುಂಬಿದರೆ ಗಿಡ ಕೊಳೆಯುತ್ತದೆ. ತಾಳೆಗಳು ಮೊದಲ ಕೆಲವು ವರ್ಷ ಎತ್ತರ ಬೆಳೆಯದೆ ಬುಡವನ್ನು ದಪ್ಪವಾಗಿಸಿಕೊಳ್ಳುತ್ತವೆ. ಕಾಂಡ ತನ್ನ ಪೂರ್ಣ ದಪ್ಪ ಪಡೆದ ಮೇಲಷ್ಟೇ ಮೇಲೇಳುತ್ತದೆ. ಗಿಡ ನಿಂತುಹೋಯಿತೆಂದು ಕಿತ್ತು ಜಾಗ ಬದಲಿಸುವವರಿದ್ದಾರೆ. ಬಿಸ್ಮಾರ್ಕನ್ನು ಹಾಗೆ ಕಿತ್ತರೆ ಅದು ಉಳಿಯುವುದು ಕಷ್ಟ.

ಹಂತ 6: ಗೊಬ್ಬರ, ಗರಿ ಸವರುವಿಕೆ

ತಾಳೆಗಳಿಗೆ ಸಾರಜನಕಕ್ಕಿಂತ ಪೊಟ್ಯಾಷ್ ಹೆಚ್ಚು ಬೇಕು. ಬಲಿತ ತೆಂಗಿಗೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್, ಅಡಿಕೆಗೆ 100, 40, 140 ಗ್ರಾಂ ಶಿಫಾರಸು ಇದೆ. ಇತರ ತಾಳೆಗಳಿಗೆ ಗಾತ್ರ ನೋಡಿ ಇದೇ ಪ್ರಮಾಣವನ್ನು ಹೊಂದಿಸಿಕೊಳ್ಳಿ, ಮುಂಗಾರಿನ ಮೊದಲು ಮತ್ತು ಅನಂತರ ಎರಡು ಕಂತುಗಳಲ್ಲಿ ಕೊಡಿ. ಮಲೆನಾಡಿನ ಮಳೆ ಪೊಟ್ಯಾಷನ್ನು ತೊಳೆದುಕೊಂಡು ಹೋಗುತ್ತದೆ.

ಕೊರತೆ ಯಾವುದೆಂದು ಗಿಡವೇ ತೋರಿಸುತ್ತದೆ. ಹಳೆಯ ಗರಿಗಳಲ್ಲಿ ಕಿತ್ತಳೆ–ಹಳದಿ ಚುಕ್ಕೆ ಬಂದು ತುದಿ ಒಣಗಿದರೆ ಪೊಟ್ಯಾಷ್ ಕಡಿಮೆ. ಹಳೆಯ ಗರಿಯ ಅಂಚು ಅಗಲವಾಗಿ ಹಳದಿಯಾಗಿ ನಡು ಹಸಿರಾಗಿ ಉಳಿದರೆ ಮೆಗ್ನೀಸಿಯಂ ಕಡಿಮೆ. ಬಲಿತ ಮರಕ್ಕೆ 500 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕೊಡಿ. ಹೊಸ ಗರಿಗಳ ತುದಿ ಕೊಕ್ಕೆಯಂತೆ ಬಾಗಿ ಬಿಚ್ಚಿಕೊಳ್ಳದೆ ಬಂದರೆ ಬೋರಾನ್ ಕಡಿಮೆ. 50 ಗ್ರಾಂ ಬೋರಾಕ್ಸ್ ಸಾಕು, ಹೆಚ್ಚಾದರೆ ಅದೇ ವಿಷ.

ಹಳದಿಯಾದ ಗರಿಯನ್ನು ಅಂದಗೇಡೆಂದು ಕತ್ತರಿಸಬೇಡಿ. ಗಿಡ ಆ ಗರಿಯೊಳಗಿನ ಪೊಟ್ಯಾಷನ್ನು ಹಿಂದಕ್ಕೆಳೆದು ಹೊಸ ಗರಿಗೆ ಕೊಡುತ್ತಿರುತ್ತದೆ. ಅದನ್ನು ಕತ್ತರಿಸಿದರೆ ಹಳದಿ ಮೇಲಿನ ಗರಿಗೆ ಏರುತ್ತದೆ. ಪೂರ್ತಿ ಒಣಗಿದ ಗರಿಯನ್ನು ಮಾತ್ರ ತೆಗೆಯಿರಿ. ರಸ್ತೆಬದಿಯ ತಾಳೆಗಳನ್ನು ನೆತ್ತಿಯಲ್ಲಿ ನಾಲ್ಕೇ ಗರಿ ಉಳಿಸಿ ಬೋಳಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಂತ 7: ಸುಳಿಯನ್ನು ಕಾಯುವುದು

ಒಂದು ಕಾಂಡಕ್ಕೆ ಒಂದೇ ಸುಳಿ. ಅದು ಹೋದರೆ ಕಾಂಡ ಹೋಯಿತು. ಆದ್ದರಿಂದ ತಾಳೆವನದ ಕಾವಲೆಂದರೆ ಸುಳಿಯ ಕಾವಲೇ. ಹೊಸದಾಗಿ ಬಿಚ್ಚಿದ ಗರಿ ಕತ್ತರಿಯಿಂದ ಆಕಾರ ಕತ್ತರಿಸಿದಂತಿದ್ದರೆ ರೈನೋಸರಸ್ ದುಂಬಿ ಸುಳಿ ಕೊರೆದಿದೆ ಎಂದರ್ಥ. ಅದು ಮೊಟ್ಟೆಯಿಡುವುದು ತಿಪ್ಪೆಯಲ್ಲಿ. ತಿಪ್ಪೆಯನ್ನು ತಿರುವಿ ಹುಳು ಆರಿಸಿ, ಮೆಟಾರೈಝಿಯಂ ಶಿಲೀಂಧ್ರ ಬೆರೆಸುವುದು ಒಳ್ಳೆಯ ಉಪಾಯ. ಕಾಂಡದ ರಂಧ್ರದಿಂದ ಕಂದು ರಸ ಮತ್ತು ಅಗಿದ ನಾರು ಹೊರಬಂದಿದ್ದರೆ ಅದು ಕೆಂಪು ಮೂತಿ ಹುಳು. ಅದು ಗಾಯವಾದ ಜಾಗದಲ್ಲೇ ಮೊಟ್ಟೆಯಿಡುತ್ತದೆ. ಹಸಿ ಗರಿ ಕತ್ತರಿಸಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ಮಳೆಗಾಲದ ಮೊದಲು ಅಡಿಕೆ ಗೊನೆಗಳಿಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವನ್ನು (1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು) ಎಳೆಯ ತಾಳೆಗಳ ಸುಳಿಗೂ ಹೊಡೆಯಿರಿ.

ಶೃಂಗೇರಿ, ಕೊಪ್ಪ ಕಡೆಯ ಹಳದಿ ಎಲೆ ರೋಗವಿರುವ ತೋಟಗಳಿಂದ ಅಡಿಕೆ ಸಸಿಗಳನ್ನು ತಾಳೆವನಕ್ಕೆ ತರಬೇಡಿ.

ಹಂತ 8: ಫಲಕ ಮತ್ತು ದಾಖಲೆ

ಉದ್ಯಾನಕ್ಕೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ದಾಖಲೆಯಲ್ಲಿದೆ. ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಕೊಟ್ಟು, ಒಂದು ಗಟ್ಟಿ ರಿಜಿಸ್ಟರಿನಲ್ಲಿ ಕನ್ನಡದ ಹೆಸರು, ವೈಜ್ಞಾನಿಕ ಹೆಸರು, ಬೀಜ ಬಂದ ಊರು ಮತ್ತು ಮರ, ಬಿತ್ತಿದ ದಿನ, ನೆಟ್ಟ ದಿನ, ಮೊದಲ ಹೂವಿನ ವರ್ಷ, ಗಂಡೋ ಹೆಣ್ಣೋ ಎಂಬುದನ್ನು ಬರೆಯಿರಿ. 2024ರಲ್ಲಿ ಬಂದ ಏಳನೆಯ ಗಿಡಕ್ಕೆ ‘2024–7’ ಎಂಬ ಸಂಖ್ಯೆ ಸಾಕು. ಗಿಡ ಸತ್ತರೆ ಆ ಸಂಖ್ಯೆಯನ್ನು ಬೇರೆ ಗಿಡಕ್ಕೆ ಕೊಡಬೇಡಿ, ಸತ್ತ ಕಾರಣವನ್ನು ಅಲ್ಲೇ ಬರೆಯಿರಿ. ಶ್ರೀತಾಳೆ ಯಾವ ವರ್ಷ ಬಿತ್ತಿದ್ದೆಂದು ಈ ರಿಜಿಸ್ಟರು ಹೇಳಿದರೆ ಮಾತ್ರ, ಮುಂದೆ ಅದು ಹೂ ಬಿಟ್ಟ ದಿನ ನಮ್ಮ ಹವೆಯಲ್ಲಿ ಅದರ ಆಯಸ್ಸೆಷ್ಟು ಎಂಬುದು ತಿಳಿಯುತ್ತದೆ.

ಫಲಕವನ್ನು ಕಾಂಡಕ್ಕೆ ಮೊಳೆ ಹೊಡೆದು ಹಾಕಬೇಡಿ. ಹಲಸು, ಮಾವುಗಳ ತೊಗಟೆಯ ಕೆಳಗೆ ಹೊಸ ಅಂಗಾಂಶ ಬೆಳೆದು ಗಾಯ ಮುಚ್ಚುತ್ತದೆ. ತಾಳೆಗಳಲ್ಲಿ ಅಂಥ ಪದರವೇ ಇಲ್ಲದ್ದರಿಂದ ಮೊಳೆಯ ತೂತು ಮರವಿರುವಷ್ಟು ಕಾಲ ಹಾಗೆಯೇ ಉಳಿದು ಹುಳುವಿಗೂ ಅಣಬೆ ರೋಗಕ್ಕೂ ಬಾಗಿಲಾಗುತ್ತದೆ. ಬುಡದಿಂದ ಎರಡಡಿ ದೂರದಲ್ಲಿ ಕಲ್ಲುಕಂಬದ ತುಂಡೊಂದನ್ನು ಹೂತು, ಅಲ್ಯೂಮಿನಿಯಂ ತಗಡಿನ ಮೇಲೆ ಸಂಖ್ಯೆ ಮತ್ತು ಹೆಸರನ್ನು ಉಳಿಯಿಂದ ಗುದ್ದಿ ಬರೆದು ಅದಕ್ಕೆ ಬಿಗಿಯಿರಿ. ಬಣ್ಣದಲ್ಲಿ ಬರೆದ ಫಲಕ ಮಲೆನಾಡಿನಲ್ಲಿ ಎರಡು ಮಳೆಗಾಲವನ್ನೂ ದಾಟುವುದಿಲ್ಲ.